ಪಿ-ವ್ಯಾಲ್ಯೂ ರಾಯರು

ಮಗಳ ಪಿಯುಸಿ ಪುಸ್ತಕದ ಪಕ್ಕದಲ್ಲೇ ತನ್ನ ಎಂ.ಎಸ್‌ಸಿ. ಪುಸ್ತಕ ಹರಡಿಕೊಂಡು ಕೂರುವ ಅಪ್ಪ ಪ್ರತಿ ಬಡಾವಣೆಗೂ ಒಬ್ಬನಿರುತ್ತಾನೆ. ನಮ್ಮ ಬಡಾವಣೆಗೆ ಎದುರುಮನೆಯ ರಾಯರು. ವಯಸ್ಸು ನಲವತ್ತಾರು. ಓರಗೆಯವರೆಲ್ಲ ಸೈಟು, ಸಕ್ಕರೆ ಕಾಯಿಲೆ ಎಂದು ತಲೆ ಕೆಡಿಸಿಕೊಂಡಿರುವಾಗ ಇವರು ದೂರಶಿಕ್ಷಣದಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್‌ಗೆ ಸೇರಿಕೊಂಡರು. ಎರಡು ವರ್ಷದ ಕೋರ್ಸು. ಇದು ನಾಲ್ಕನೆಯ ವರ್ಷ. ಕೇಳಿದರೆ, "ನಾನು ಔಟ್‌ಲೈಯರ್ ಕಣ್ರೀ" ಎನ್ನುತ್ತಾರೆ.

ಕೆಲಸ ಮೆಡಿಕಲ್ ಕಾಲೇಜೊಂದರಲ್ಲಿ. ಥೀಸಿಸ್ ಒಪ್ಪಿಸುವ ಹಿಂದಿನ ವಾರ ಪಿ.ಜಿ. ಡಾಕ್ಟರುಗಳು ಲ್ಯಾಪ್‌ಟಾಪ್ ಹಿಡಿದು ಇವರ ಮೇಜಿನ ಮುಂದೆ ಸಾಲುಗಟ್ಟುತ್ತಾರೆ. "ಸರ್, ಪಿ-ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬರೋ ಹಾಗೆ ಏನಾದ್ರೂ ಮಾಡಿ" ಎಂದು ಬೇಡಿಕೊಳ್ಳುತ್ತಾರೆ. ಅರ್ಚಕರ ಹತ್ತಿರ ಗ್ರಹದೋಷ ಪರಿಹಾರ ಕೇಳುವ ಧಾಟಿ ಅದು. ಇಷ್ಟು ವರ್ಷ ಹೇಳಿದ ಮಂತ್ರದ ಅರ್ಥವಾದರೂ ತಿಳಿಯಲಿ ಎಂದೇ ರಾಯರು ಓದಲು ಕೂತದ್ದು.

ಊಟದ ಮೇಜು ಅರ್ಧ ಅಪ್ಪನದು, ಅರ್ಧ ಮಗಳದು. ಕ್ಯಾಲ್ಕುಲಸ್ ಬಂದಾಗ ಅಪ್ಪ ಗಡಿ ದಾಟಿ ಮಗಳ ಕಡೆ ಸರಿಯುತ್ತಾರೆ. ಅವಳು ಹೇಳಿಕೊಟ್ಟು, "ಮೂರು ಸಲ ಬರೆದು ತೋರಿಸಪ್ಪ" ಎಂದು ಹಳೇ ಸೇಡು ತೀರಿಸಿಕೊಳ್ಳುತ್ತಾಳೆ. ಕಾಂಟ್ಯಾಕ್ಟ್ ಕ್ಲಾಸು ಭಾನುವಾರ, ಬಸ್ಸಿನಲ್ಲಿ ಮೂರು ಗಂಟೆ ದಾರಿ. ಅದೇ ಭಾನುವಾರಗಳನ್ನು ಹುಡುಕಿ ನೆಂಟರು ಶುಭಕಾರ್ಯ ಇಟ್ಟುಕೊಳ್ಳುತ್ತಾರೆಂಬುದು ರಾಯರ ದೂರು. "ಕಾಕತಾಳೀಯ ಅಲ್ಲ. ಕೈ-ಸ್ಕ್ವೇರ್ ಹಾಕಿ ನೋಡಿದ್ದೀನಿ!"

ಓದಿನ ಮೊದಲ ಫಲವೆಂದರೆ ರಾಯರು ಹೌದು-ಅಲ್ಲ ಎನ್ನುವುದನ್ನೇ ಮರೆತರು. ಹೆಂಡತಿ "ಸಾರಿಗೆ ಉಪ್ಪು ಸರಿಯಾಗಿದೆಯಾ?" ಎಂದರೆ, "ಸರಿಯಿಲ್ಲ ಅನ್ನೋದಕ್ಕೆ ಸಾಕಷ್ಟು ಪುರಾವೆ ಸಿಕ್ಕಿಲ್ಲ" ಎನ್ನುತ್ತಾರೆ. ಆಮೇಲೆ ಮಜ್ಜಿಗೆಯನ್ನು ತಾವೇ ಬಡಿಸಿಕೊಳ್ಳಬೇಕಾಗುತ್ತದೆ.

ಅವರ ಆರಾಧ್ಯದೈವ ಗಾಸೆಟ್. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯ ನೌಕರ. ಟಿ-ಟೆಸ್ಟಿಗೆ ಬುನಾದಿಯಾದ ಲೇಖನವನ್ನು 1908ರಲ್ಲಿ ಸ್ವಂತ ಹೆಸರು ಮುಚ್ಚಿಟ್ಟು 'ಸ್ಟೂಡೆಂಟ್' ಎಂದು ಸಹಿ ಹಾಕಿ ಪ್ರಕಟಿಸಿದವನು. "ನೌಕರಿ ಮಾಡ್ತಾನೇ ಸ್ಟೂಡೆಂಟ್ ಆದ ಮಹಾನುಭಾವ!" ಎಂದು ರಾಯರು ಕೈಮುಗಿದರೆ, ಅವರ ತಾಯಿ ಜಪ ನಿಲ್ಲಿಸಿ, "ಹೆಂಡದಂಗಡಿ ಲೆಕ್ಕಾನೇನೋ ನೀನು ಓದ್ತಿರೋದು?" ಎಂದು ಕಣ್ಣರಳಿಸಿದರು.

ಹೋದ ತಿಂಗಳು ಸಂಖ್ಯಾಶಾಸ್ತ್ರಜ್ಞ ಫಿಶರ್ ಮನೆಗೆ ಬಂದ. ಹಾಲು ಮೊದಲು ಹಾಕಿದ್ದೋ ಟೀ ಮೊದಲು ಹಾಕಿದ್ದೋ ಎಂದು ರುಚಿಯಲ್ಲೇ ಹೇಳುತ್ತೇನೆಂದ ಮಹಿಳೆಯನ್ನು ಎಂಟು ಬಟ್ಟಲಿಟ್ಟು ಪರೀಕ್ಷಿಸುವ ಬಗೆಯನ್ನು ಆತ 1935ರ ಪುಸ್ತಕದಲ್ಲಿ ಬರೆದಿದ್ದಾನೆ. ರಾಯರ ಹೆಂಡತಿಯ ವಾದವೂ ಅದೇ: "ಡಿಕಾಕ್ಷನ್ನಿಗೆ ಹಾಲು ಬಿದ್ರೆ ಕಾಫಿ, ಹಾಲಿಗೆ ಡಿಕಾಕ್ಷನ್ ಬಿದ್ರೆ ಕಲಗಚ್ಚು." ಸರಿ, ಎಂಟು ಸ್ಟೀಲ್ ಲೋಟ ಸಾಲಾಗಿ ನಿಂತವು. ನಾಲ್ಕು ಹಾಗೆ, ನಾಲ್ಕು ಹೀಗೆ. ಸಾಕ್ಷಿಗೆ ನಾನು. ಬರೀ ಊಹೆಯಿಂದ ಎಂಟೂ ಸರಿ ಹೇಳುವ ಸಂಭವ 70ರಲ್ಲಿ 1 ಎಂದು ರಾಯರು ಮೊದಲೇ ಬರೆದಿಟ್ಟರು.

ಆಕೆ ಒಂದೊಂದೇ ಗುಟುಕು ಕುಡಿದು ಎಂಟಕ್ಕೆ ಎಂಟೂ ಸರಿ ಹೇಳಿಬಿಟ್ಟರು.

"0.014! ಬರೀ ಊಹೆ ಅನ್ನೋ ನಲ್ ಹೈಪಾಥಿಸಿಸ್ ಬಿದ್ದುಹೋಯ್ತು!" ರಾಯರು ಕುಣಿದೇಬಿಟ್ಟರು.

"ನಿಮ್ಮ ತಲೆ. ಮೊದಲನೇದು ಕುಡಿದೆ, ಕಲಗಚ್ಚು. ಮಿಕ್ಕಿದ್ದನ್ನ ಕುಡಿಯೋದೇ ಬೇಕಿರಲಿಲ್ಲ. ಬೀರುವಿನಲ್ಲಿ ಷರಟು ಜೋಡಿಸೋ ಹಾಗೆ ಒಂದು ಜಾತಿಯವನ್ನೆಲ್ಲ ಈ ಕಡೆ, ಇನ್ನೊಂದು ಜಾತಿಯವನ್ನೆಲ್ಲ ಆ ಕಡೆ ಇಟ್ಟಿದ್ದೀರಿ!"

ಎಪ್ಪತ್ತರಲ್ಲಿ ಒಂದು ಅಲ್ಲೇ ಎರಡರಲ್ಲಿ ಒಂದಕ್ಕೆ ಇಳಿಯಿತು.

"ಲೋಟಗಳನ್ನ ಹೇಗೆಂದರೆ ಹಾಗೆ ಕಲೆಸಿಡಬೇಕು ಅಂತ ನಿಮ್ಮ ಫಿಶರ್ ಹೇಳಿಲ್ಲವೇ?" ಎಂದೆ.

"ಹೇಳಿದ್ದಾನೆ. ಅದಕ್ಕೆ ರ‍್ಯಾಂಡಮೈಸೇಶನ್ ಅಂತಾರೆ." ರಾಯರು ತಣ್ಣಗಾದ ಲೋಟವೊಂದನ್ನು ಎತ್ತಿಕೊಂಡು ಹೆಂಡತಿಯ ಕಡೆ ನೋಡಿದರು. "ಆ ಪಾಠ ಮಾಡಿದ ಭಾನುವಾರ ನಿನ್ನ ತಂಗಿ ಮನೆ ಗೃಹಪ್ರವೇಶ ಇತ್ತಲ್ಲೇ!"