ಎಲ್ಲಾ ಹಸಿರು

(ವಾಡಿ ಜಂಕ್ಷನ್. ಶಹಾಬಾದ್ ಫರಸಿ ಹಾಸಿದ ಕಟ್ಟೆಯ ಮೇಲೆ ಸಿಮೆಂಟ್ ಲ್ಯಾಬಿನಿಂದ ನಿವೃತ್ತರಾದ ಕಾಕಾ. ಪಕ್ಕದಲ್ಲಿ, ಬೆಂಗಳೂರಿನಲ್ಲಿ ಟೆಸ್ಟರ್ ಆಗಿರುವ ಸೇಡಂ ಹುಡುಗ, ತೊಡೆಯ ಮೇಲೆ ಲ್ಯಾಪ್‌ಟಾಪ್.)

ಕಾಕಾ: ಏನ್ ಮಾಡ್ಲಿಕತ್ತಿ ತಮ್ಮಾ?

ಹುಡುಗ: ಸುಮ್ನ ಕುಂತೀನ್ರಿ ಕಾಕಾ. ಟೆಸ್ಟ್ ತಾವೇ ಓಡ್ತಾವ. ಸೆಲೆನಿಯಂ ಅಂತ ಟೂಲ್ ಅದ, 2004ರಾಗ ಜೇಸನ್ ಹಗ್ಗಿನ್ಸ್ ಶುರು ಮಾಡಿದ್ದು.

ಕಾಕಾ: ಅಲ್ಲಿ ಕೆಂಪು ಬಂತಲ್ಲೋ?

ಹುಡುಗ: ಫೇಲ್ ಆದ್ರ ಮತ್ತ ಓಡೋ ಹಂಗ ಇಟ್ಟೀನ್ರಿ. ಹಸಿರು ಬರೋತನ ಬಿಡಂಗಿಲ್ಲ.

ಕಾಕಾ: ಭಲೇ! ನಾವು 53 ಗ್ರೇಡ್ ಸಿಮೆಂಟಿನ ಕ್ಯೂಬ್ 3, 7, 28ನೇ ದಿನಕ್ಕ ಒತ್ತಿ ಒಡೀತಿದ್ವಿ. 28ಕ್ಕ 53 ಮೆಗಾಪಾಸ್ಕಲ್ ತಾಳಲಿಲ್ಲಂದ್ರ ಫೇಲ್. ಪಾಸಾಗೋತನ ಹೊಸ ಕ್ಯೂಬ್ ಇಡೋ ಉಪಾಯ ನಮಗ ಹೊಳೀಲೇ ಇಲ್ಲ ನೋಡು. ಇರಲಿ, ನಿನ್ನ ಟೆಸ್ಟ್ ಏನು ನೋಡ್ತಾವ?

ಹುಡುಗ: ಪುಟ ತೆರೀತದೋ ಇಲ್ಲೋ ಅಂತ.

ಕಾಕಾ: ಪುಟದಾಗಿನ ಲೆಕ್ಕ ತಪ್ಪಿದ್ರ?

ಹುಡುಗ: ಅದನ್ನ ಗಿರಾಕಿ ನೋಡ್ತಾರ್ರಿ.

(ಸಿಗ್ನಲ್ ಹಸಿರಾಗುತ್ತದೆ. ಗಾಡಿ ಮಾತ್ರ ಬರುವುದಿಲ್ಲ.)

ಕಾಕಾ: ನಿನ್ನ ಈ ಉಪಾಯ ಉಳಿದ ಟೆಸ್ಟರ್‌ಗಳಿಗೂ ಹೇಳೀಯೇನು? ಕಲಿತದ್ದು ಹಂಚಬೇಕಪ್ಪ.

ಹುಡುಗ: ಹೋದ ತಿಂಗಳ ಮೀಟಪ್‌ನಾಗ ಒಂದು ತಾಸು ಮಾತಾಡೀನಿ. ‘ಆಟೊಮೇಷನ್‌ನ ಭವಿಷ್ಯ’ ಅಂತ.

ಕಾಕಾ: ಈ ಕೆಂಪಿನ ಸುದ್ದಿ?

ಹುಡುಗ: ಸ್ಲೈಡ್‌ನಾಗ ಜಾಗ ಇರಲಿಲ್ರಿ.

ಕಾಕಾ: ಯಾರೂ ಪ್ರಶ್ನೆ ಕೇಳಲಿಲ್ಲೇನು?

ಹುಡುಗ: ಒಬ್ಬರು ಕೇಳಿದ್ರು. ಎಕ್ಸ್‌ಎಲ್ ಸೈಜಿನ ಟೀ-ಶರ್ಟ್ ಉಳಿದಾವೇನು ಅಂತ.