ಬಲ್ಬು ಕಿತ್ತರೆ ಗಾಡಿ ಸರಿ

ಪಿಕಪ್‌ನ ಮೀಟರ್ ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ. ಅದರ ಮೇಲೊಂದು ತುಂಡು ಕರಿ ಟೇಪು. ರಿಪೇರಿ ಮುಗಿಯಿತು. ನಮ್ಮ ರಸ್ತೆಗಳಲ್ಲಿ ಟೊಮೆಟೊ, ಸಿಮೆಂಟು, ಶಾಮಿಯಾನ ಎಲ್ಲ ಸಾಗುವುದು ಈ ತಂತ್ರಜ್ಞಾನದ ಮೇಲೆ.

ಇನ್ನೂ ಧೈರ್ಯವಂತರು ಬಲ್ಬನ್ನೇ ಕೀಳುತ್ತಾರೆ. ಹಳೇ ಮಾದರಿಯ ಅನೇಕ ಆಲ್ಟರ್ನೇಟರುಗಳಿಗೆ, ಅಂದರೆ ಗ್ಯಾರೇಜಿನವರ 'ಡೈನಮೋ'ಗೆ, ಕೆಲಸ ಶುರುಮಾಡಲು ಬೇಕಾದ ಮೊದಲ ಕರೆಂಟು ಹರಿಯುವುದೇ ಆ ಬಲ್ಬಿನ ಮೂಲಕ. ಅದನ್ನು ಕಿತ್ತರೆ ಚಾರ್ಜಿಂಗೇ ಶುರುವಾಗದೆ ಹೋಗಬಹುದು. ಇಲ್ಲದ ರೋಗವನ್ನೂ ತಂದುಕೊಂಡ ಹಾಗಾಯಿತು. ಹೇಳಲು ದೀಪವಿಲ್ಲ, ಅಷ್ಟೇ.

ಸರಿ, ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಬಾನೆಟ್ ಎತ್ತುವ ಮೊದಲೇ ತೀರ್ಪು: "ಬ್ಯಾಟರಿ ಹೋಗಿದೆ ಸಾರ್." ದೀಪ ಹೇಳಿದ್ದು ಬ್ಯಾಟರಿ ಕೆಟ್ಟಿದೆ ಅಂತಲ್ಲ, ಅದಕ್ಕೆ ಚಾರ್ಜ್ ಬರುತ್ತಿಲ್ಲ ಅಂತ. ಯಾರು ಕೇಳುತ್ತಾರೆ? ಹೊಸ ಬ್ಯಾಟರಿ ಬರುತ್ತದೆ. ದೀಪ ಹೋಗುವುದಿಲ್ಲ. ಡೈನಮೋ ಬರುತ್ತದೆ. ದೀಪ ಹೋಗುವುದಿಲ್ಲ. ಕಡೆಗೆ ಸಿಗುವುದು ಸಡಿಲಾದ ಬೆಲ್ಟು, ಇಲ್ಲವೇ ತುಕ್ಕು ಹಿಡಿದ ಒಂದು ಅರ್ಥ್ ವೈರು. ಬಿಚ್ಚಿದ ಹಳೇ ಸಾಮಾನು ಎಲ್ಲಿ ಅಂತ ಕೇಳಬೇಡಿ. ಅದು ಮುಂದಿನ ಗಿರಾಕಿಯ ಹೊಸ ಸಾಮಾನು.

ಅಳೆದು ನೋಡಲು ಎರಡು ನಿಮಿಷ ಸಾಕು. ಎಂಜಿನ್ ಆಫ್ ಇದ್ದಾಗ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಓಡುವಾಗ 13.8ರಿಂದ 14.5. ಏರಲಿಲ್ಲವೇ, ಚಾರ್ಜಿಂಗ್ ಇಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಅರ್ಧ ವೋಲ್ಟ್ ಮೀರಿತೇ, ಅರ್ಥ್ ಸರಿಯಿಲ್ಲ. ಬೇಕಾದದ್ದು ಒಂದು ಮಲ್ಟಿಮೀಟರ್. ಅದು ಅಂಗಡಿಯಲ್ಲಿ ಇದೆ. ಅದರ ಬ್ಯಾಟರಿ ಸತ್ತಿದೆ.

ಬಿಎಸ್6 ಬಂದ 2020ರ ನಂತರದ ಗಾಡಿಯಾದರೆ ಸ್ಕ್ಯಾನರ್ ಮಹಾತ್ಮೆ. ಎಬಿಎಸ್, ಬ್ರೇಕ್, ಎಂಜಿನ್ ಮೂರೂ ದೀಪ ಒಟ್ಟಿಗೆ ಹತ್ತಿದರೆ ಮೊದಲು ವೋಲ್ಟೇಜನ್ನೂ ಅರ್ಥ್ ವೈರನ್ನೂ ಅನುಮಾನಿಸಬೇಕು. ಇಲ್ಲಿ ಮೂರು ಸೆನ್ಸರಿಗೆ ಎಸ್ಟಿಮೇಟ್. ಪರದೆಯ ಮೇಲೆ ಪಿ0562 ಬಂತು. ಸಿಸ್ಟಮ್ ವೋಲ್ಟೇಜ್ ಕಡಿಮೆ ಎಂದರ್ಥ. ಯಾಕೆ ಕಡಿಮೆ ಅಂತ ಯಂತ್ರ ಹೇಳುವುದಿಲ್ಲ, ಮನುಷ್ಯ ಹುಡುಕಬೇಕು. ಮನುಷ್ಯ 'ಕ್ಲಿಯರ್' ಒತ್ತಿ ಬಿಲ್ ಬರೆಯುತ್ತಾನೆ. ಟೋಲ್ ದಾಟುವುದರೊಳಗೆ ದೀಪ ಮತ್ತೆ ಹಾಜರ್.

ಓನರ್ ಮಹಾಶಯರೇನೂ ಪಾಪದವರಲ್ಲ. ಎಲ್‌ಇಡಿ ಪಟ್ಟಿ, ಆಂಪ್ಲಿಫೈಯರ್, ಊರೆಬ್ಬಿಸುವ ಹಾರ್ನು, ಎಲ್ಲಕ್ಕೂ ಬ್ಯಾಟರಿಯಿಂದ ನೇರ ವೈರು. 10 ಆಂಪ್ ಫ್ಯೂಸ್ ಸುಟ್ಟಿತೇ? ತಾಮ್ರದ ಎಳೆ ಸುತ್ತಿ. ಇನ್ನು ಸುಡುವುದಿದ್ದರೆ ಗಾಡಿಯೇ. ಆಯುಧಪೂಜೆಗೆ ಚಕ್ರಕ್ಕೊಂದು ನಿಂಬೆಹಣ್ಣು, ಮೇಲೊಂದು ಬೂದುಗುಂಬಳ. ಬಿಳಿ ಪುಡಿ ಕಟ್ಟಿದ ಟರ್ಮಿನಲ್ ಬಿಚ್ಚಿ ಒಂದು ಚೊಂಬು ಬಿಸಿನೀರು ಹಾಕಲು ಮಾತ್ರ ಪುರುಸೊತ್ತಿಲ್ಲ.

ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ತಪಾಸಣೆ. ದೀಪ ಕಿತ್ತಿದ್ದಾರೋ ಇಲ್ಲವೋ ತಿಳಿಯಲು ಕೀ ತಿರುಗಿಸಿದರೆ ಸಾಕು. ಎಂಜಿನ್ ಶುರುವಾಗುವ ಮೊದಲು ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಹತ್ತಲೇಬೇಕು. ಅಷ್ಟು ನೋಡಿದರೆ ಎಷ್ಟು ಗಾಡಿ ಪಾಸಾದಾವು? ಕೀ ತಿರುಗುವುದಿಲ್ಲ. ಸೀಲು ಬೀಳುತ್ತದೆ.

ಆಮೇಲೆ ಗಾಡಿ ಮಾರಾಟಕ್ಕೆ. ಬ್ರೋಕರ್ ಎದೆ ತಟ್ಟಿ ಹೇಳುತ್ತಾನೆ: "ಸಿಂಗಲ್ ಓನರ್ ಸಾರ್, ಡ್ಯಾಶ್‌ಬೋರ್ಡಲ್ಲಿ ಒಂದು ಲೈಟೂ ಬರಲ್ಲ!" ಸುಳ್ಳಲ್ಲ. ಕೀ ಹಾಕಿದರೂ ಬರುವುದಿಲ್ಲ.