ಭಾವನ ಮಾಡಿನ ಮೇಲಿನ ಇಂಟರ್ನೆಟ್

ನಮ್ಮ ಮನೆಯಲ್ಲಿರುವುದು ಬ್ರಾಡ್‌ಬ್ಯಾಂಡ್ ಅಲ್ಲ ಎಂದು ಭಾರತ ಸರ್ಕಾರ 2023ರ ಜನವರಿಯಲ್ಲಿ ತೀರ್ಮಾನಿಸಿತು. 2004ರ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಸಾಕು, ಅದು ಬ್ರಾಡ್‌ಬ್ಯಾಂಡ್. ಆಮೇಲೆ ಆ ಗೆರೆ 512ಕ್ಕೆ ಏರಿತು. ಅಲ್ಲಿಯವರೆಗೆ ನಾವೂ ಹೇಗೋ ಪಾಸಾಗುತ್ತಿದ್ದೆವು. ಕನಿಷ್ಠ 2 ಮೆಗಾಬಿಟ್ ಇರಲೇಬೇಕು ಎಂಬ ಹೊಸ ಅಧಿಸೂಚನೆ ಬಂದದ್ದೇ ತಡ, ಒಂದು ಮೆಗಾಬಿಟ್ಟಿನ ಆಸುಪಾಸಿನಲ್ಲಿ ಸಂಸಾರ ಮಾಡಿಕೊಂಡಿದ್ದ ನಮ್ಮನ್ನು ಪಂಕ್ತಿಯಿಂದ ಎಬ್ಬಿಸಿದಂತಾಯಿತು. ಬಿಲ್ಲಿನ ಮೇಲೆ ಮಾತ್ರ ಆಮೇಲೂ ಬ್ರಾಡ್‌ಬ್ಯಾಂಡ್ ಎಂದೇ ಅಚ್ಚಾಗಿ ಬರುತ್ತಿತ್ತು.

ತಪ್ಪು ತಂತಿಯದ್ದಲ್ಲ, ದೂರದ್ದು. ತಾಮ್ರದ ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಕಳಿಸುವ ಎಡಿಎಸ್ಎಲ್ 2+ ಎಂಬ ವಿದ್ಯೆ ಎಕ್ಸ್‌ಚೇಂಜಿನ ಪಕ್ಕದ ಮನೆಗೆ 24 ಮೆಗಾಬಿಟ್‌ವರೆಗೆ ಕೊಡಬಲ್ಲದು. ದೂರ ಹೋದಷ್ಟೂ ಸೊರಗಿ, ನಾಲ್ಕೈದು ಕಿಲೋಮೀಟರ್ ಆಗುವ ಹೊತ್ತಿಗೆ ಅದರ ಉಸಿರು ನಿಲ್ಲುತ್ತದೆ. ನಮ್ಮ ಮನೆ ಎಕ್ಸ್‌ಚೇಂಜಿನಿಂದ ಎರಡು ಗುಡ್ಡ, ಒಂದು ಹಳ್ಳದ ಆಚೆಗೆ. ನಡುವೆ ಎಷ್ಟು ಜಾಯಿಂಟ್ ಇದ್ದವು ಎಂಬುದು ಲೈನ್‌ಮನ್‌ಗೆ ಮಾತ್ರ ಗೊತ್ತಿತ್ತು. ಫೋನಿನಲ್ಲಿ ಕೊರಕೊರ ಶುರುವಾದರೆ ಯಾವುದೋ ಜಾಯಿಂಟಿಗೆ ಮಳೆನೀರು ಹೊಕ್ಕಿದೆ, ಇಂಟರ್ನೆಟ್ಟಿಗೆ ಇನ್ನು ರಜೆ ಎಂದರ್ಥ. ಅವರು ಬಂದು ರಿಸೀವರ್ ಕಿವಿಗಿಟ್ಟು, ಕಣ್ಣು ಮುಚ್ಚಿ, "ಇದು ಹಳ್ಳದ ದಂಡೆದು" ಎನ್ನುತ್ತಿದ್ದರು. ಹೇಳಿದ್ದು ತಪ್ಪಿದ್ದೇ ಇಲ್ಲ. ಅವರು ಸ್ವಯಂನಿವೃತ್ತಿ ತೆಗೆದುಕೊಂಡಾಗ ಆ ಕಿವಿಯೂ ಅವರ ಜೊತೆಗೇ ಹೋಯಿತು. ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಉಳಿದದ್ದನ್ನು ಮುಗಿಸಿತು.

ಬೆಂಗಳೂರಿನ ಕಂಪನಿಯೊಂದರಲ್ಲಿರುವ ಮಗಳು ಮಳೆಗಾಲವಿಡೀ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಬಂದದ್ದು ಅದೇ ವರ್ಷ. ತುಳಸಿಕಟ್ಟೆಯ ಹತ್ತಿರ ಮೊಬೈಲಿಗೆ ಮೂರು ಕಡ್ಡಿ ಬರುವುದನ್ನು ನೋಡಿ, "ಅಪ್ಪಾ, ಆ ತಂತಿ ಬಿಟ್ಹಾಕು" ಎಂದಳು. ವಾರದೊಳಗೆ ಸಿಮ್ ಹಾಕುವ 4ಜಿ ರೂಟರ್ ಬಂತು.

ಅದು ಬಂದಮೇಲೆ ಮನೆಯ ಕೋಣೆಗಳಿಗೆಲ್ಲ ನಂಬರ್ ಬಿತ್ತು. ಕಡ್ಡಿಗಳನ್ನು ನಂಬಬಾರದಂತೆ, ಒಂದೊಂದು ಫೋನಿನ ಕಡ್ಡಿಗೆ ಒಂದೊಂದು ಲೆಕ್ಕವಂತೆ. ನಿಜವಾದ ಅಂಕಿ ರೂಟರಿನ ಒಳಪುಟದಲ್ಲಿ ಡಿಬಿಎಂ ಎಂಬ ಅಳತೆಯಲ್ಲಿ ಇರುತ್ತದೆ, ಅದೂ ಮೈನಸ್‌ನಲ್ಲಿ. ಜಗಲಿ ಮೈನಸ್ 112. ದೇವರ ಕೋಣೆ ಮೈನಸ್ 118. ಅಟ್ಟ ಮೈನಸ್ 101. ಮಗಳು ಇವನ್ನು ಗಟ್ಟಿಯಾಗಿ ಕೂಗುತ್ತ ಓಡಾಡುತ್ತಿದ್ದರೆ ಅಡಿಗೆಮನೆಯಿಂದ ಅಮ್ಮ, "ಅದು ಯಾರ ಸಾಲವೇ?" ಎಂದು ಕೇಳಿದಳು.

ಅಮ್ಮನ ಲೆಕ್ಕವೇನೂ ತಪ್ಪಲ್ಲ. ಸೊಸೈಟಿ ಸಾಲದ ಹಾಗೆ ಇದೂ ಸೊನ್ನೆಗೆ ಹತ್ತಿರ ಬಂದಷ್ಟೂ ಮನೆಗೆ ಸುಖ. ಆದರೆ ಇಲ್ಲಿ ಹತ್ತು ತೀರಿಸಿದರೆ ಸಿಗ್ನಲ್ಲಿನ ಬಲ ಹತ್ತು ಪಟ್ಟಾಗುತ್ತದೆ. ಇಂಥ ಸ್ಕೀಮನ್ನು ನಮ್ಮ ಸೊಸೈಟಿ ಕಾರ್ಯದರ್ಶಿ ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಅಂತೂ ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಸಾಲವಿದ್ದ ಜಾಗ ಅಟ್ಟ ಎಂದು ಇತ್ಯರ್ಥವಾಗಿ, ಮಗಳ ಆಫೀಸು ಅಡಿಕೆ ಮೂಟೆಗಳ ನಡುವೆ ಶುರುವಾಯಿತು. ಹಿಂದೆ ಕಾಣುವುದು ಏನು ಎಂದು ಅವಳ ಮೇಲಧಿಕಾರಿ ಕೇಳಿದರಂತೆ. "ನಮ್ಮ ಮನೆಯ ಉಳಿತಾಯ ಖಾತೆ" ಎಂದಳಂತೆ.

ಮಾತು ಕೇಳುತ್ತಿತ್ತು, ಮುಖ ಮಾತ್ರ ಆಗಾಗ ಕಲ್ಲಾಗುತ್ತಿತ್ತು. ಸಾಲ ಇನ್ನೂ ಇಳಿಯಬೇಕಿತ್ತು. ಆಗ ಪ್ರವೇಶವಾದದ್ದು ಆಚೆಮನೆ ಭಾವ. ನಮ್ಮ ಕಡೆ ತೋಟದ ಬೇಲಿ ಹಂಚಿಕೊಂಡವರು ಒಂದೋ ಭಾವ ಆಗಿರುತ್ತಾರೆ, ಇಲ್ಲವೇ ಕೋರ್ಟಿನಲ್ಲಿ ಎದುರು ಪಾರ್ಟಿ ಆಗಿರುತ್ತಾರೆ. ಪುಣ್ಯಕ್ಕೆ ಇವರು ಭಾವ.

"ಬೆಂಗ್ಳೂರಿನ ಎಸ್.ಪಿ. ರೋಡಲ್ಲಿ ಬೂಸ್ಟರ್ ಸಿಗ್ತದೆ ಮಾರಾಯ, ಗೋಡೆಗೆ ಹೊಡೆದ್ರೆ ಮುಗೀತು" ಎಂದರು.

ಪರವಾನಗಿ ಇಲ್ಲದ ಬೂಸ್ಟರ್ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ, ಅದು ಊರಿನವರೆಲ್ಲರ ಸಿಗ್ನಲ್ ಕೆಡಿಸುತ್ತದೆ ಎಂದು ಮಗಳು ತಿಳಿಸಿದಳು. ಊರಿನವರ ಸಿಗ್ನಲ್ ಕೆಡುವ ವಿಷಯದಲ್ಲಿ ಭಾವನಿಗೆ ಅಂಥ ಸಂಕಟವೇನೂ ಕಾಣಲಿಲ್ಲ. ಆದರೂ ಬೂಸ್ಟರ್ ಬಿಟ್ಟು, ತಮ್ಮ ಅಟ್ಟದಿಂದ ದೂರದರ್ಶನ ಕಾಲದ ಆಂಟೆನಾ ಹೊತ್ತು ತಂದರು. ಅದು 1926ರಲ್ಲಿ ಜಪಾನಿನ ಯಾಗಿ ಮತ್ತು ಉದಾ ಎಂಬ ಮೇಷ್ಟರುಗಳು ಲೋಕಕ್ಕೆ ಕೊಟ್ಟ ವಿನ್ಯಾಸ. ಮಗಳು ತರಿಸಬೇಕೆಂದಿದ್ದದ್ದೂ ಅದೇ ವಂಶದ್ದು. ಆದರೆ ಕಡ್ಡಿಯ ಉದ್ದ ಅಲೆಯ ಉದ್ದದ ಅರ್ಧದಷ್ಟಿರಬೇಕು. ಟಿವಿಯ ಅಲೆಗೆ ಗಜದುದ್ದದ ಕಡ್ಡಿ ಬೇಕಾದರೆ 850 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಗೆ ಒಂದು ಗೇಣೂ ಬೇಡ. "ಇಷ್ಟು ಸಣ್ಣದ್ದಕ್ಕೆ ಇಷ್ಟು ದುಡ್ಡಾ?" ಎಂದು ಹೊಸದನ್ನು ನೋಡಿ ಭಾವ ಬೇಸರಪಟ್ಟುಕೊಂಡರು.

ಆಂಟೆನಾ ತಿರುಗಿಸುವ ಕೆಲಸ ಅನುಭವಸ್ಥರಾದ ಅವರಿಗೇ ಹೋಯಿತು. ಮಾಡಿನ ಮೇಲೆ ಭಾವ, ಅಂಗಳದಲ್ಲಿ ನಾನು, ಅಟ್ಟದ ಕಿಟಕಿಯಲ್ಲಿ ಮಗಳು. ಹಿಂದೆ ರಾಮಾಯಣ ನೋಡಲು ಹೀಗೇ ನಿಂತಿದ್ದೆವು. ಆಗ ಚಿತ್ರ ಬಂತೋ ಹೋಯಿತೋ ತಕ್ಷಣ ತಿಳಿಯುತ್ತಿತ್ತು. ರೂಟರಿನ ಅಂಕಿ ಐದಾರು ಸೆಕೆಂಡು ಯೋಚಿಸಿ ಬದಲಾಗುತ್ತದೆ. ಮಗಳು "ನಿಲ್ಸಿ!" ಎಂದು, ನಾನು ಅದನ್ನೇ ಕೂಗಿ, ಭಾವನ ಕಿವಿಗೆ ಮುಟ್ಟುವಾಗ ಆಂಟೆನಾ ಸಾಗರ ಬಿಟ್ಟು ಸೊರಬದ ಕಡೆ ಮುಖ ಮಾಡಿರುತ್ತಿತ್ತು.

ಕೊನೆಗೆ ದಿಕ್ಕು ಸಿಕ್ಕಿತು. ಸಿಕ್ಕಿದ ದಿಕ್ಕಿಗೆ ಸರಿಯಾಗಿ ಅಡ್ಡ ನಿಂತಿತ್ತು ಭಾವನ ಹಲಸಿನ ಮರ. ಅಲೆಗಳಲ್ಲೂ ಜಾತಿ ಇದೆ. 850ರದ್ದು ಗುಡ್ಡದ ಮಗ್ಗುಲಲ್ಲಿ ನುಸುಳಿ ಎಷ್ಟು ದೂರಕ್ಕೂ ಬರುತ್ತದೆ, ಆದರೆ ಹೊತ್ತು ತರುವುದು ಸ್ವಲ್ಪವೇ. 2300ರದ್ದು ಗಾಡಿಗಟ್ಟಲೆ ತರುತ್ತದೆ, ಒಂದು ಒದ್ದೆ ಎಲೆ ಕಂಡರೆ ಮಾತ್ರ ವಾಪಸು. ನಮ್ಮ ಆಷಾಢದಲ್ಲಿ ಒದ್ದೆಯಾಗದ ಎಲೆ ಎಲ್ಲಿಂದ ತರುವುದು? ಕೊಂಬೆ ಕಡಿಸೋಣವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅದು ಹಪ್ಪಳದ ಹಲಸು. ಆ ಹಪ್ಪಳ ತಿನ್ನದ ಮನೆ ನಮ್ಮ ಕೇರಿಯಲ್ಲಿಲ್ಲ, ನಮ್ಮದೂ ಸೇರಿ.

ಪರಿಹಾರ ಭಾವನಿಂದಲೇ ಬಂತು. "ಮರ ಎಂತಕ್ಕೆ ಕಡಿಯೋದು? ನಮ್ಮ ಮನೆ ದರೆ ಮೇಲೆ ಉಂಟಲ್ಲ, ನಮ್ಮ ಮಾಡಿಗೇ ಹಾಕಿ."

ಹಾಕಿದೆವು. ಮೈನಸ್ 84! ಮಗಳು ಕುಣಿದಳು, ಸಾಲಮನ್ನಾ ಆಯಿತೇನೋ ಎಂದು ಅಮ್ಮ ಹೊರಗೆ ಬಂದಳು. ಆಮೇಲೆ ಹೊಳೆದ ಸಂಗತಿ ಬೇರೆ. ಆಂಟೆನಾದಿಂದ ರೂಟರಿಗೆ ಬರುವ ಕೇಬಲ್ ಉದ್ದವಾದರೆ ಗಳಿಸಿದ ಸಿಗ್ನಲ್ಲನ್ನೆಲ್ಲ ದಾರಿಯಲ್ಲಿ ಅದೇ ನುಂಗುತ್ತದೆ, ಹಾಗಾಗಿ ರೂಟರ್ ಆಂಟೆನಾದ ಪಕ್ಕದಲ್ಲೇ ಇರಬೇಕು. ಅಂದರೆ ಭಾವನ ಅಟ್ಟದಲ್ಲಿ. ಅಲ್ಲಿಂದ ನಮ್ಮ ಮನೆಗೆ ಈಥರ್ನೆಟ್ ಕೇಬಲ್. ಅದು 100 ಮೀಟರ್ ತನಕ ನಿಯತ್ತಾಗಿ ದುಡಿಯುತ್ತದೆ; ಕೊನೆ ಇಳಿಸುವ ಹಗ್ಗ ಹಿಡಿದು ಅಳೆದರೆ ಎಂಬತ್ತು ಚಿಲ್ಲರೆ ಬಂತು. ಹಳೆಯ ಸ್ಪ್ರಿಂಕ್ಲರ್ ಪೈಪಿನೊಳಗೆ ತೂರಿಸಿ, ಅಡಿಕೆ ಮರದಿಂದ ಮರಕ್ಕೆ ಕಟ್ಟಿಸಿದೆವು. ತಂತಿಯ ಸಹವಾಸವೇ ಬೇಡ ಎಂದು ಮೊಬೈಲ್ ಬ್ರಾಡ್‌ಬ್ಯಾಂಡಿಗೆ ಹೋದವರ ಮನೆಗೆ ಇಂಟರ್ನೆಟ್ ಹೀಗೆ ತೋಟದ ನಡುವೆ ತಂತಿಯಲ್ಲೇ ನಡೆದುಬಂತು.

ಬರುವುದು ಮಾತ್ರ ಜೋರಾಗಿಯೇ ಬರುತ್ತದೆ. ಹಗಲು 30 ಮೆಗಾಬಿಟ್‌ಗೆ ಮೋಸವಿಲ್ಲ. ಸಂಜೆ ಇಳಿಯುತ್ತದೆ, ಟವರ್ ಊರಿಗೆಲ್ಲ ಒಂದೇ ತಾನೆ. ಅದರ ಮೇಲೆ ಭಾವನ ಮನೆಯಲ್ಲಿ ಅಕ್ಕನ ಸೀರಿಯಲ್ಲು, ಅವರ ಮೊಮ್ಮಕ್ಕಳ ರೀಲ್ಸು. ರೂಟರ್ ಅವರ ಅಟ್ಟದಲ್ಲಿ, ಕರೆಂಟು ಅವರದ್ದು. ಪಾಸ್‌ವರ್ಡ್ ನಮ್ಮದು ಎಂದು ಹೇಳಿಕೊಳ್ಳಲು ಆಗುತ್ತದೆಯೇ? ಮೊನ್ನೆ ಭಾವನೇ ಬೇಲಿ ಹತ್ತಿರ ನಿಲ್ಲಿಸಿ, "ನಿಮ್ಮ ನೆಟ್ಟು ರಾತ್ರಿ ಭಾರಿ ನಿಧಾನ, ಒಂಚೂರು ನೋಡು" ಎಂದು ದೂರು ಕೊಟ್ಟರು.

ಹೋದ ವಾರ ಮಗಳ ದೊಡ್ಡ ಮೀಟಿಂಗಿನ ನಡುವೆ ಎಲ್ಲವೂ ಫಕ್ಕನೆ ನಿಂತಿತು. ಕರೆಂಟು ಇತ್ತು, ಕೇಬಲ್ ಗಟ್ಟಿಯಾಗಿತ್ತು. ಭಾವನಿಗೆ ಫೋನ್ ಮಾಡಿದೆ.

"ಗುಡುಗಿದ್ದು ಕೇಳ್ಲಿಲ್ವಾ ಮಾರಾಯ? ಪ್ಲಗ್ ಕಿತ್ತಿಟ್ಟೆ."

"ಭಾವ, ಅವಳಿಗೆ ಮೀಟಿಂಗು."

"ಮೀಟಿಂಗು ನಾಳೆಯೂ ಇರ್ತದೆ. ರೂಟರ್ ಸುಟ್ಟುಹೋದ್ರೆ ನಿನ್ನಕ್ಕ ಸಂಜೆ ಎಂತ ನೋಡ್ಬೇಕು?"

ಮಗಳು ಅಂಗಳಕ್ಕೆ ಇಳಿದು, ಮೊಬೈಲಿನಿಂದಲೇ ಆಫೀಸಿಗೆ ಮೆಸೇಜ್ ಹಾಕಿದಳು: ಹವಾಮಾನದ ಮುನ್ನೆಚ್ಚರಿಕೆಯಾಗಿ ನಮ್ಮ ಸೇವಾದಾರರು ಸಂಪರ್ಕವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿದ್ದಾರೆ.